ಹಳೇ ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸ್‌ಗೆ ಯಾವ ಆಯಿಲ್? ಜಿಎಲ್-4, ಜಿಎಲ್-5, ಇಲ್ಲಾ ಎಂಜಿನ್ ಆಯಿಲ್ಲೇ?

ಹುಬ್ಬಳ್ಳಿಯಲ್ಲಿ ಯಾವ ಅಂಗಡಿಗೆ ಹೋಗಿ ಗೇರ್ ಆಯಿಲ್ ಕೇಳಿದರೂ ಮೊದಲು ಬರುವ ಮಾತು ಒಂದೇ: "ನೈಂಟಿ ಕೊಡ್ಲೇನ್ರಿ?" ಟ್ರ್ಯಾಕ್ಟರ್‌ಗೂ ನೈಂಟಿ, ಲಾರಿಗೂ ನೈಂಟಿ, ಕಾರಿಗೂ ನೈಂಟಿ. ಗದಗ, ಹಾವೇರಿ ಕಡೆ ಹೋದರೆ ಇನ್ನೂ ಜಾಸ್ತಿ, ಅಲ್ಲಿ ಆಯಿಲ್ ಅಂಗಡಿ ನಡೆಯುವುದೇ ಟ್ರ್ಯಾಕ್ಟರ್ ಮೇಲೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಶೆಡ್ಡಿನಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷದ ಹೋಂಡಾ ಸಿಟಿ ವಿಟೆಕ್ಕೋ, ಸ್ಯಾನ್ ಸ್ಟಾರ್ಮೋ, ಅಪ್ಪನ ಕಾಲದ ಕಂಟೆಸ್ಸಾನೋ, ಅದೃಷ್ಟ ಇದ್ದರೆ ಬ್ರಿಟನ್ನಿನ ಒಂದು ಎಂಜಿಬಿ ಸ್ಪೋರ್ಟ್ಸ್ ಕಾರೋ ಇಟ್ಟುಕೊಂಡವರಿಗೆ ಆ ಉತ್ತರ ಅರ್ಧ ಮಾತ್ರ. ನೈಂಟಿ ಅನ್ನುವುದು ಆಯಿಲ್ ಎಷ್ಟು ದಪ್ಪ ಅಂತ ಹೇಳುತ್ತದೆ. ಅದರಲ್ಲಿ ಏನು ಬೆರೆಸಿದ್ದಾರೆ ಅಂತ ಹೇಳುವುದಿಲ್ಲ. ಹಳೇ ಗೇರ್‌ಬಾಕ್ಸ್‌ಗೆ ಪೆಟ್ಟು ಬೀಳುವುದು ಈ ಎರಡನೇ ಕಡೆಯಿಂದ.

ಹಾಗಾಗಿ ನನ್ನ ಕ್ರಮ ಹೀಗೆ. ಮೊದಲು ಆಯಿಲ್‌ನ ಜಾತಿ, ಆಮೇಲೆ ದಪ್ಪ, ಆಮೇಲೆ ಸಿಂಥೆಟಿಕ್ಕೋ ಮಿನರಲ್ಲೋ ಅನ್ನುವುದು. ಬ್ರ್ಯಾಂಡ್ ಕೊನೆಗೆ. ನಮ್ಮಲ್ಲಿ ಬಹಳ ಮಂದಿ ಇದನ್ನು ಉಲ್ಟಾ ಮಾಡುತ್ತಾರೆ, ದುಬಾರಿ ಬ್ರ್ಯಾಂಡ್ ತಂದು ಸುರಿದು, ಎರಡನೇ ಗೇರ್ ಯಾಕೆ ಕರ್ ಅನ್ನುತ್ತಿದೆ ಅಂತ ತಲೆ ಕೆರೆದುಕೊಳ್ಳುತ್ತಾರೆ.

ನಾಲ್ಕಕ್ಕಿಂತ ಐದು ಮೇಲಲ್ಲ

ಡಬ್ಬಿಯ ಹಿಂದೆ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಜಿಎಲ್-4 ಅಥವಾ ಜಿಎಲ್-5 ಅಂತ ಸಣ್ಣದಾಗಿ ಬರೆದಿರುತ್ತದೆ. ಅಂಕಿ ದೊಡ್ಡದಾದರೆ ಮಾಲು ಒಳ್ಳೆಯದು ಅಂತ ಅಂಗಡಿಯವರೂ ಹೇಳುತ್ತಾರೆ, ನಾವೂ ನಂಬುತ್ತೇವೆ. ಎಂಜಿನ್ ಆಯಿಲ್‌ನಲ್ಲಿ ಆ ಲೆಕ್ಕ ಸುಮಾರಾಗಿ ನಡೆಯುತ್ತದೆ. ಎಸ್‌ಎನ್ ಅನ್ನುವ ದರ್ಜೆ ಆದ ಮೇಲೆ ಎಸ್‌ಪಿ ಬಂತು, ಹೊಸದು ಹಳೆಯದರ ಜಾಗ ಹಿಡಿಯಿತು. ಗೇರ್ ಆಯಿಲ್‌ನಲ್ಲಿ ಹಾಗಿಲ್ಲ. ನಾಲ್ಕು ಒಂದು ಕೆಲಸಕ್ಕೆ, ಐದು ಇನ್ನೊಂದು ಕೆಲಸಕ್ಕೆ.

ಜಿಎಲ್-5 ಇರುವುದು ಹೈಪಾಯ್ಡ್ ಗೇರ್‌ಗಳಿಗೆ. ಹಿಂದಿನ ಚಕ್ರ ತಿರುಗುವ ಗಾಡಿಗಳಲ್ಲಿ ಉದ್ದ ಶಾಫ್ಟಿನ ತುದಿಯ ಸಣ್ಣ ಪಿನಿಯನ್ನು ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದಲ್ಲ, ಅಲ್ಲಿ ಪಿನಿಯನ್ನು ಕ್ರೌನಿನ ನಡುಗೆರೆಗಿಂತ ಕೆಳಗೆ ಕೂತಿರುತ್ತದೆ. ಅದಕ್ಕೇ ಹಲ್ಲುಗಳು ಬರೀ ಉರುಳುವುದಿಲ್ಲ, ಒಂದನ್ನೊಂದು ಉಜ್ಜಿಕೊಂಡು ಜಾರುತ್ತವೆ. ಆ ಒತ್ತಡಕ್ಕೆ ಆಯಿಲ್‌ನ ಪದರ ಹರಿದೇ ಹೋಗುತ್ತದೆ. ಅದಕ್ಕಾಗಿ ಗಂಧಕ ಮತ್ತು ರಂಜಕದ ಇಪಿ (ಎಕ್ಸ್‌ಟ್ರೀಮ್ ಪ್ರೆಷರ್, ಅತಿ ಒತ್ತಡ ತಡೆಯುವ) ಅಡಿಟಿವ್ ಹಾಕುತ್ತಾರೆ. ಬಿಸಿಯಾದಾಗ ಅದು ಉಕ್ಕಿನ ಮೇಲೆ ತೆಳುವಾದ ಒಂದು ಪದರ ಕಟ್ಟುತ್ತದೆ, ಹಲ್ಲಿನ ಬದಲು ಆ ಪದರ ಸವೆಯುತ್ತದೆ. ಜಿಎಲ್-4ರಲ್ಲೂ ಇದೇ ಸಾಮಾನು ಇರುತ್ತದೆ, ಆದರೆ ಹೆಚ್ಚುಕಡಿಮೆ ಅರ್ಧ.

ಇನ್ನು ಗೇರ್‌ಬಾಕ್ಸ್ ಒಳಗೆ ಬನ್ನಿ. ಅಲ್ಲಿ ಹಿತ್ತಾಳೆಯ ಸಿಂಕ್ರೋ ರಿಂಗುಗಳಿವೆ. ಹಳೇ ಕಾರುಗಳಲ್ಲಿ ಬಹುತೇಕ ಹಿತ್ತಾಳೆಯೇ, ಇಲ್ಲಾ ಕಂಚಿನಂಥ ಮಿಶ್ರಲೋಹ. ನೀವು ಗೇರ್ ಬದಲಿಸುವಾಗ ಆ ರಿಂಗು ಗೇರಿನ ಕೋನ್ ಮೇಲೆ ಒತ್ತಿ, ಎರಡರ ವೇಗವನ್ನೂ ಸಮ ಮಾಡುತ್ತದೆ. ಅಂದರೆ ಅದು ಮಾಡುವುದು ಬ್ರೇಕಿನ ಕೆಲಸ. ಜಾರಿದರೆ ಕೆಲಸ ಕೆಟ್ಟಿತು. ಇಂಥ ಜಾಗಕ್ಕೆ ಅತಿ ಜಾರುವ ಆಯಿಲ್ ಹಾಕುವುದು ಸೈಕಲ್ ಬ್ರೇಕಿನ ರಬ್ಬರಿಗೆ ಎಣ್ಣೆ ಹಚ್ಚಿದ ಹಾಗೆ.

ಜಿಎಲ್-5ರಿಂದ ಹಿತ್ತಾಳೆಗೆ ಎರಡು ತೊಂದರೆ. ಒಂದು, ಗಂಧಕ ಬಿಸಿಯಲ್ಲಿ ತಾಮ್ರ ಇರುವ ಲೋಹವನ್ನು ತಿನ್ನುತ್ತದೆ. ಇನ್ನೊಂದು, ಈಗ ಹೇಳಿದ ಜಾರುವಿಕೆ. ಮೊದಲನೆಯದರ ಬಗ್ಗೆ ಜನ ಸ್ವಲ್ಪ ಜಾಸ್ತಿಯೇ ಹೆದರಿಸುತ್ತಾರೆ. ಇವತ್ತು ಜಿಎಲ್-5 ಹಾಕಿದರೆ ನಾಳೆ ರಿಂಗು ಕರಗಿಹೋಗುವುದಿಲ್ಲ. ಈಗಿನ ಒಳ್ಳೆಯ ಜಿಎಲ್-5 ಆಯಿಲ್‌ಗಳಲ್ಲಿ ತಾಮ್ರವನ್ನು ಕಾಯುವ ಸಾಮಾನೂ ಇರುತ್ತದೆ. ಇದನ್ನು ನೀವೇ ನೋಡಬಹುದು. ಕಂಪನಿಯ ಡೇಟಾ ಶೀಟ್‌ನಲ್ಲಿ ಕಾಪರ್ ಸ್ಟ್ರಿಪ್ ಟೆಸ್ಟ್ ಅಂತ ಒಂದು ಸಾಲು ಇರುತ್ತದೆ. ಹೊಳಪಿನ ತಾಮ್ರದ ಪಟ್ಟಿಯನ್ನು ಬಿಸಿ ಆಯಿಲ್‌ನಲ್ಲಿ, ಗೇರ್ ಆಯಿಲ್ ಆದರೆ ಸಾಮಾನ್ಯವಾಗಿ 121 ಡಿಗ್ರಿಯಲ್ಲಿ 3 ಗಂಟೆ, ಮುಳುಗಿಸಿಟ್ಟು ಅದು ಎಷ್ಟು ಕಪ್ಪಾಯಿತು ಅಂತ ಅಂಕಿ ಕೊಡುತ್ತಾರೆ. 1ಎ, 1ಬಿ ಅಂದರೆ ಪಟ್ಟಿ ಹೆಚ್ಚುಕಡಿಮೆ ಹಾಗೇ ಇದೆ ಅಂತ. 4ರ ಕಡೆ ಹೋದಷ್ಟೂ ತಾಮ್ರ ಸುಟ್ಟಿದೆ ಅಂತ. ಹಿತ್ತಾಳೆ ಸಿಂಕ್ರೋ ಇರುವ ಪೆಟ್ಟಿಗೆಗೆ ನಾನು 1ಬಿ ದಾಟಿದ ಆಯಿಲ್ ಮುಟ್ಟುವುದಿಲ್ಲ.

ಜಾರುವಿಕೆಗೆ ಇಂಥ ಸುಲಭದ ಟೆಸ್ಟ್ ಡಬ್ಬಿ ಮೇಲೆ ಇರುವುದಿಲ್ಲ. ಅದು ಕೈಗೇ ಗೊತ್ತಾಗಬೇಕು. ಅರಬೈಲ್ ಘಾಟ್ ಇಳಿಯುವಾಗ ಮೂರರಿಂದ ಎರಡಕ್ಕೆ ತಂದು ನೋಡಿ. ರಿಂಗು ಹಿಡಿಯದೆ ಲಿವರ್ ಒಂದು ಕ್ಷಣ ತಡೆದು, ಒಳಗೆ ಕರ್ ಅಂದರೆ, ಆಯಿಲ್ ಮೇಲೆ ಅನುಮಾನ ಪಡಬಹುದು.

ಎರಡೂ ಬರೆದಿರುವ ಡಬ್ಬಿ ಕಥೆ ಏನು? ಜಿಎಲ್-4/ಜಿಎಲ್-5 ಅಂತ ಒಟ್ಟಿಗೆ ಬರೆದ ಆಯಿಲ್‌ಗಳು ಬೇಕಾದಷ್ಟಿವೆ. ಮೋಟುಲ್ ಗೇರ್ 300 ಎಲ್ಲರಿಗೂ ಗೊತ್ತಿರುವ ಉದಾಹರಣೆ, ದಪ್ಪ 75ಡಬ್ಲ್ಯೂ-90 (ಈ ಅಂಕಿಯ ಅರ್ಥ ಮುಂದೆ ಹೇಳುತ್ತೇನೆ), ಎಸ್ಟರ್ ಅನ್ನುವ ಸಿಂಥೆಟಿಕ್ ಆಧಾರದ್ದು. ಒಳ್ಳೆಯ ಆಯಿಲ್ಲೇ, ಬಹಳ ಮಂದಿ ಖುಷಿಯಿಂದ ಹಾಕುತ್ತಾರೆ. ಆದರೆ ಒಂದು ಮಾತು ನೆನಪಿರಲಿ. ಐದರ ಪರೀಕ್ಷೆ ಪಾಸಾಗಬೇಕಾದರೆ ಐದರಷ್ಟು ಅಡಿಟಿವ್ ಬೇಕೇ ಬೇಕು. ಹಾಗಾಗಿ ಎರಡೂ ಬರೆದ ಡಬ್ಬಿಯನ್ನು ನಾನು ಸೌಮ್ಯವಾದ ಜಿಎಲ್-5 ಅಂತಲೇ ಲೆಕ್ಕ ಹಾಕುತ್ತೇನೆ. ಬರೀ ಜಿಎಲ್-4 ಅಂತ ಬರೆದದ್ದು ಸಿಗುವಾಗ, ಹಿತ್ತಾಳೆ ಸಿಂಕ್ರೋದ ಹಳೇ ಕಾರಿಗೆ ಇದನ್ನು ಯಾಕೆ ಹಾಕಬೇಕು?

ನಿಮ್ಮ ಕಾರು ಯಾವ ಗುಂಪಿನದು

ಎಂಜಿನ್ನೂ ಗೇರ್‌ಬಾಕ್ಸೂ ಮುಂದೆಯೇ ಅಡ್ಡ ಕೂತು, ಮುಂದಿನ ಚಕ್ರ ತಿರುಗುವ ಕಾರುಗಳಲ್ಲಿ ಡಿಫರೆನ್ಷಿಯಲ್ (ಎರಡೂ ಚಕ್ರಕ್ಕೆ ಶಕ್ತಿ ಹಂಚುವ ಗೇರ್) ಕೂಡ ಅದೇ ಪೆಟ್ಟಿಗೆಯಲ್ಲಿದೆ. ಆದರೆ ಅಲ್ಲಿ ಹೈಪಾಯ್ಡ್ ಇಲ್ಲ, ಸಾಮಾನ್ಯ ಓರೆ ಹಲ್ಲಿನ ಗೇರ್ ಅಷ್ಟೇ. ಜಿಎಲ್-5ರ ಅಗತ್ಯವೇ ಇಲ್ಲ. ಮಾರುತಿ ಝೆನ್, ಎಸ್ಟೀಮ್ ಇಟ್ಟುಕೊಂಡು ಸ್ವಲ್ಪ ಬಿಗಿ ಮಾಡಿ ಓಡಿಸುವವರಿಗೆ 75ಡಬ್ಲ್ಯೂ-90 ಜಿಎಲ್-4 ಸಾಕು, ತಲೆ ಕೆಡಿಸಿಕೊಳ್ಳಬೇಡಿ.

ಇಲ್ಲಿ ಒಂದು ಅಪವಾದ ಇದೆ. ಯುರೋಪಿನ ಕೆಲವು ಕಂಪನಿಗಳು ಮುಂದಿನ ಚಕ್ರದ ಕಾರಿಗೂ ತಾವಾಗಿಯೇ ಜಿಎಲ್-5 ಹೇಳಿದ್ದಾರೆ, ಅದಕ್ಕೆ ತಕ್ಕ ಸಿಂಕ್ರೋ ಹಾಕಿದ್ದಾರೆ. ಮ್ಯಾನ್ಯುವಲ್ ಹಾಗೆ ಹೇಳಿದ್ದರೆ ಅದೇ ಸರಿ, ನಾನು ಹೇಳಿದ್ದಲ್ಲ. ಸ್ಯಾನ್ ಸ್ಟಾರ್ಮ್ ಇದ್ದವರು ಇಲ್ಲಿ ಗಮನ ಕೊಡಿ. 1998ರ ಸುಮಾರಿಗೆ ನಮ್ಮ ಪಕ್ಕದ ಗೋವಾದಲ್ಲೇ ಹುಟ್ಟಿದ ಎರಡು ಸೀಟಿನ ಫೈಬರ್ ಮೈಯ ಕಾರು ಅದು, ಎಂಜಿನ್ 1149 ಸಿಸಿಯ ರೆನೋದ್ದು. ಆ ಕಾಲದ ರೆನೋ ಜೆಬಿ ಗೇರ್‌ಬಾಕ್ಸ್‌ಗಳಿಗೆ ಕಂಪನಿ ಹೇಳುತ್ತಿದ್ದುದು 75ಡಬ್ಲ್ಯೂ-80. ನಿಮ್ಮ ಪೆಟ್ಟಿಗೆಯ ಮೇಲಿನ ನಂಬರ್ ಒರೆಸಿ ಓದಿ, ಜೆಬಿ ಅಂತ ಇದ್ದರೆ ಅಂಗಡಿಯ ನೈಂಟಿ ಅದಕ್ಕೆ ದಪ್ಪ ಆಯಿತು.

ಹೋಂಡಾ ಇನ್ನೊಂದು ಲೋಕ. 2000ದ ಆಸುಪಾಸಿನ ಸಿಟಿ ವಿಟೆಕ್ ಈಗಲೂ ಧಾರವಾಡ, ಹುಬ್ಬಳ್ಳಿಯಲ್ಲಿ ಹುಡುಗರ ಕೈಯಲ್ಲಿ ಕಾಣುತ್ತದೆ. ಹೋಂಡಾ ಕೇಳುವುದು ತನ್ನದೇ ಎಂಟಿಎಫ್ (ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್ ಫ್ಲೂಯಿಡ್). ಅದು ಗೇರ್ ಆಯಿಲ್‌ಗಿಂತ ಎಂಜಿನ್ ಆಯಿಲ್‌ಗೆ ಹತ್ತಿರದ, ತೆಳುವಾದ ದ್ರವ. ಆ ಕಾಲದ ಹೋಂಡಾ ಮ್ಯಾನ್ಯುವಲ್‌ಗಳಲ್ಲಿ ಎಂಟಿಎಫ್ ಸಿಗದಿದ್ದರೆ ತಾತ್ಕಾಲಿಕವಾಗಿ 10ಡಬ್ಲ್ಯೂ-30 ಅಥವಾ 10ಡಬ್ಲ್ಯೂ-40 ಎಂಜಿನ್ ಆಯಿಲ್ ಹಾಕಿ ಅಂತಲೇ ಇತ್ತು. ಇಂಥ ಪೆಟ್ಟಿಗೆಗೆ ಗ್ಯಾರೇಜಿನವರು "ನೈಂಟಿ ಹಾಕ್ತೇನ್ರಿ, ಏನೂ ಆಗಂಗಿಲ್ಲ" ಅಂತ ಹೇಳಿ ಸುರಿದರೆ, ಬೆಳಗ್ಗೆ ಎರಡನೇ ಗೇರಿಗೆ ಎರಡೂ ಕೈ ಬೇಕಾಗುತ್ತದೆ. ಹೋಂಡಾಕ್ಕೆ ಎಂಟಿಎಫ್ ಹಾಕಿ, ಮಾತು ಮುಗಿಯಿತು. ಎರಡು ಲೀಟರ್ ಒಳಗೇ ಕೆಲಸ ಆಗುತ್ತದೆ, ಉಳಿಸುವಂಥದ್ದೇನೂ ಇಲ್ಲ.

ಹಿಂದಿನ ಚಕ್ರದ ಗಾಡಿಗಳಿಗೆ ಎರಡು ಪೆಟ್ಟಿಗೆ, ಎರಡು ಆಯಿಲ್. ಪದ್ಮಿನಿ, ಕಂಟೆಸ್ಸಾ, ಸ್ಟ್ಯಾಂಡರ್ಡ್ ಹೆರಾಲ್ಡ್ ಎಲ್ಲ ಈ ಗುಂಪು. ಹಿಂದಿನ ಆಕ್ಸಲ್‌ನಲ್ಲಿ ಹೈಪಾಯ್ಡ್ ಇದ್ದರೆ ಅಲ್ಲಿಗೆ ಜಿಎಲ್-5, ಅಲ್ಲಿ ಜಿಎಲ್-4 ಹಾಕಿ ಉಳಿಸಲು ಹೋದರೆ ಕ್ರೌನ್-ಪಿನಿಯನ್ ಹೋಗುತ್ತದೆ. ಗೇರ್‌ಬಾಕ್ಸಿಗೆ ಬೇರೆ. ಗ್ಯಾರೇಜಿನಲ್ಲಿ ಒಂದೇ ಐದು ಲೀಟರ್ ಕ್ಯಾನ್ ತೆರೆದು ಎರಡಕ್ಕೂ ಹಾಕುವುದೇ ಈ ಕಾರುಗಳ ದೊಡ್ಡ ಶತ್ರು. ಇಸುಝು ಎಂಜಿನ್ನಿನ ಕಂಟೆಸ್ಸಾ ಇದ್ದರೆ ಊಹೆ ಮಾಡಲೇಬೇಡಿ, ಯಾಕೆಂದರೆ ಇಸುಝು ಆ ಕಾಲದ ತನ್ನ ಹಲವು ಗೇರ್‌ಬಾಕ್ಸ್‌ಗಳಿಗೆ ಎಂಜಿನ್ ಆಯಿಲ್ಲೇ ಹೇಳುತ್ತಿತ್ತು. ಮ್ಯಾನ್ಯುವಲ್ ಹುಡುಕಿ ನೋಡಿ.

ಬ್ರಿಟಿಷ್ ಕಾರುಗಳಲ್ಲಿ ಇದು ಇನ್ನೂ ವಿಚಿತ್ರ. ಎಂಜಿಬಿಯ ಗೇರ್‌ಬಾಕ್ಸ್‌ಗೆ ಹಾಕುವುದು 20ಡಬ್ಲ್ಯೂ-50 ಎಂಜಿನ್ ಆಯಿಲ್. ಅದರ ಲೇಕಾಕ್ ಓವರ್‌ಡ್ರೈವ್ (ವೇಗದಲ್ಲಿ ಎಂಜಿನ್ ನಿಧಾನ ತಿರುಗಲಿ ಅಂತ ಇರುವ ಹೆಚ್ಚುವರಿ ಗೇರ್) ಕೂಡ ಅದೇ ಆಯಿಲ್ ಕುಡಿಯುತ್ತದೆ, ಅಲ್ಲಿ ಜಾರುವ ಅಡಿಟಿವ್ ಇರುವ ಗೇರ್ ಆಯಿಲ್ ಹೋದರೆ ಓವರ್‌ಡ್ರೈವಿನ ಕ್ಲಚ್ ಹಿಡಿಯುವುದಿಲ್ಲ. 1959ರಲ್ಲಿ ಬಂದ ಹಳೇ ಮಿನಿಯಲ್ಲಂತೂ ಗೇರ್‌ಬಾಕ್ಸ್ ಇರುವುದೇ ಎಂಜಿನ್ನಿನ ಕೆಳಗೆ, ಎರಡಕ್ಕೂ ಸೇರಿ ಒಂದೇ ಆಯಿಲ್. ಈ ಕಾರುಗಳಿಗೆ ಸಲಹೆ ಕೇಳಿದರೆ ನಮ್ಮ ಮೆಕ್ಯಾನಿಕ್‌ಗಳು ನಂಬುವುದಿಲ್ಲ, ನಗುತ್ತಾರೆ. ಪುಸ್ತಕ ತೋರಿಸಿ.

ಹಿಂದೆ ಎಂಜಿನ್ ಇರುವ ಹಳೇ ಪೋರ್ಷೆ 911 ಇದ್ದವರು ಈ ಲೇಖನ ಓದುತ್ತಿರುವುದು ಕಷ್ಟ, ಆದರೂ ಹೇಳುತ್ತೇನೆ: ಅಲ್ಲಿ ಗೇರ್‌ಬಾಕ್ಸೂ ಕ್ರೌನ್-ಪಿನಿಯನ್ನೂ ಒಂದೇ ಪೆಟ್ಟಿಗೆಯಲ್ಲಿ, ಸಿಂಕ್ರೋ ಉಕ್ಕಿನದು, ಹಾಗಾಗಿ 915 ಅನ್ನುವ ಆ ಪೆಟ್ಟಿಗೆಗೆ ಕಂಪನಿ ಹೇಳಿದ್ದೇ ಜಿಎಲ್-5 ದರ್ಜೆಯದು. ಹಳೇ ಫೋರ್ಡ್ ಮಸ್ಟಾಂಗ್‌ನ ಟಿ5 ಗೇರ್‌ಬಾಕ್ಸ್‌ಗೆ ಆಟೋಮ್ಯಾಟಿಕ್ ಗಾಡಿಯ ಗೇರ್‌ಬಾಕ್ಸ್ ದ್ರವ, ಎಟಿಎಫ್. ಒಂದೊಂದು ಪೆಟ್ಟಿಗೆಗೆ ಒಂದೊಂದು ನಿಯಮ, ಏನು ಮಾಡೋದು.

ದಪ್ಪದ ಲೆಕ್ಕ

ಗೇರ್ ಆಯಿಲ್‌ನ ಅಂಕಿಯೂ ಎಂಜಿನ್ ಆಯಿಲ್‌ನ ಅಂಕಿಯೂ ಬೇರೆ ಬೇರೆ ಅಳತೆ. 90 ನೋಡಿ 50ಕ್ಕಿಂತ ಬಹಳ ದಪ್ಪ ಅಂದುಕೊಳ್ಳಬೇಡಿ. 100 ಡಿಗ್ರಿ ಬಿಸಿಯಲ್ಲಿ 90 ಗೇರ್ ಆಯಿಲ್ ಹೆಚ್ಚುಕಡಿಮೆ 40–50 ಎಂಜಿನ್ ಆಯಿಲ್‌ನಷ್ಟೇ ಹರಿಯುತ್ತದೆ. ಎಂಜಿಬಿಗೆ 20ಡಬ್ಲ್ಯೂ-50 ಸಾಕಾಗುವುದು ಅದಕ್ಕೇ. 140 ಮಾತ್ರ ನಿಜಕ್ಕೂ ದಪ್ಪ. ಅದು ಲಾರಿ ಆಕ್ಸಲ್‌ನ ಮಾಲು, ಕಾರಿನ ಗೇರ್‌ಬಾಕ್ಸ್‌ನಲ್ಲಿ ಅದಕ್ಕೆ ಜಾಗವಿಲ್ಲ. ಸದ್ದು ಮಾಡುವ ಪೆಟ್ಟಿಗೆಯನ್ನು ಮಾರುವ ಮುಂಚೆ ಕೆಲವರು 140 ತುಂಬುತ್ತಾರೆ, ಸದ್ದು ಅಡಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ತಗೊಂಡ ವಾರದಲ್ಲೇ ಗೇರ್ ಆಯಿಲ್ ಇಳಿಸಿ ನೋಡಿ ಅಂತ ಹೇಳುವುದು ಇದಕ್ಕೂ ಸೇರಿಸಿ.

ಡಬ್ಲ್ಯೂ ಮುಂಚಿನ ಅಂಕಿ ಚಳಿಯದ್ದು. 75ಡಬ್ಲ್ಯೂ ಅಂದರೆ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಹರಿಯಬೇಕು, 80ಡಬ್ಲ್ಯೂ ಆದರೆ 26 ಡಿಗ್ರಿ ಕೆಳಗೆ. ಧಾರವಾಡದಲ್ಲಿ ಡಿಸೆಂಬರ್ ಬೆಳಗ್ಗೆ 14–15 ಡಿಗ್ರಿಗೇ ಸ್ವೆಟರ್ ತೆಗೆಯುವ ನಮಗೆ ಇದರಿಂದ ಏನು ಅಂತೀರಾ? ಸ್ವಲ್ಪ ಇದೆ. ಸಿಂಕ್ರೋ ರಿಂಗಿನ ಒಳಗೆ ಸಣ್ಣ ಗೀರುಗಳಿವೆ, ಕೋನ್ ಮೇಲಿನ ಆಯಿಲ್ ಆ ಗೀರುಗಳ ಮೂಲಕ ಬೇಗ ಪಕ್ಕಕ್ಕೆ ಸರಿಯಬೇಕು, ಆಗಲೇ ಲೋಹ ಲೋಹವನ್ನು ಹಿಡಿಯುವುದು. ತಣ್ಣಗೆ ದಪ್ಪಗಿದ್ದರೆ ಸರಿಯುವುದು ತಡ. ಹಾಗಾಗಿ ಸವೆದ ಹಳೇ ರಿಂಗಿನಲ್ಲಿ 15 ಡಿಗ್ರಿಗೂ 75ಡಬ್ಲ್ಯೂ-90ಕ್ಕೂ ಚಳಿಯ ಅಂಕಿ ಇಲ್ಲದ ಬರೀ 90ಕ್ಕೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಮೊದಲ ಎರಡು ಮೂರು ಕಿಲೋಮೀಟರ್ ಅಷ್ಟೇ. ಆಮೇಲೆ ಎರಡೂ ಒಂದೇ. ಏಪ್ರಿಲ್ ಬಿಸಿಲಿನಲ್ಲಿ ಹೆದ್ದಾರಿಯಲ್ಲಿ ಓಡಿಸುವಾಗ ನಿಮಗೆ ಬೇಕಾಗುವುದು ಎರಡನೇ ಅಂಕಿ. ಕಂಪನಿ 90 ಹೇಳಿದ ಕಡೆ ಗೇರ್ ನಯವಾಗಲಿ ಅಂತ 80ಕ್ಕೆ ಇಳಿಯಬೇಡಿ.

ಸಿಂಥೆಟಿಕ್ಕೋ, ಮಿನರಲ್ಲೋ

ಇದರ ಬಗ್ಗೆ ಜಗಳ ಜಾಸ್ತಿ, ವಿಷಯ ಕಡಿಮೆ. ಸಿಂಥೆಟಿಕ್‌ನ ದೊಡ್ಡ ಲಾಭ ಚಳಿಯಲ್ಲಿ ಮತ್ತು ಬಹಳ ದಿನ ಬಾಳುವುದರಲ್ಲಿ. ನಮ್ಮಲ್ಲಿ ಚಳಿ ಇಲ್ಲ. ಪದ್ಮಿನಿ, ಹೆರಾಲ್ಡ್‌ನಂಥ ನಿಧಾನದ ಗಾಡಿಗೆ ಮಿನರಲ್ ಸಾಕು, ಸ್ವಲ್ಪ ಬೇಗ ಬದಲಿಸಿದರಾಯಿತು. ಜೋರಾಗಿ ಓಡುವ ಕಾರಿಗೆ ನಾನು ಸಿಂಥೆಟಿಕ್ ಜಿಎಲ್-4 ಹಾಕುತ್ತೇನೆ. ರೆಡ್ ಲೈನ್ ಎಂಟಿ-90 ಆ ಜಾತಿಯದು, 75ಡಬ್ಲ್ಯೂ-90, ಸಿಂಕ್ರೋಗೆ ಅಂತಲೇ ಮಾಡಿದ್ದು, ಜಾರುವಿಕೆ ಬೇಕೆಂದೇ ಕಡಿಮೆ ಇಟ್ಟಿದ್ದಾರೆ. ತರಿಸಬೇಕು, ದುಬಾರಿ. ಒಂದು ಎಚ್ಚರಿಕೆ: ವರ್ಷಗಟ್ಟಲೆ ಮಿನರಲ್ ಕುಡಿದ ಪೆಟ್ಟಿಗೆಗೆ ಸಿಂಥೆಟಿಕ್ ಹಾಕಿದಾಗ ಮೂಲೆಗಳಲ್ಲಿ ಕೂತ ಜಿಡ್ಡು ತೊಳೆದು, ಮೊದಲೇ ಗಟ್ಟಿಯಾಗಿದ್ದ ಸೀಲ್‌ನಿಂದ ಸೋರಬಹುದು. ಅದು ಆಯಿಲ್‌ನ ತಪ್ಪಲ್ಲ, ಸೀಲ್ ಬದಲಿಸುವ ಕಾಲ ಬಂದಿದೆ ಅಂತ.

ಗೋಕುಲ್ ರೋಡಿನಲ್ಲಿ ಸುಲಭವಾಗಿ ಸಿಗುವುದರಲ್ಲಿ ಹೆಸರು ನೋಡಿ ಮೋಸ ಹೋಗುವುದು ಸುಲಭ. ಶೆಲ್ ಸ್ಪೈರ್ಯಾಕ್ಸ್ ಎಸ್2 ಜಿ ಮತ್ತು ಎಸ್2 ಎ ಎರಡೂ 80ಡಬ್ಲ್ಯೂ-90 ಬರುತ್ತವೆ, ಡಬ್ಬಿಯೂ ಹೆಚ್ಚುಕಡಿಮೆ ಒಂದೇ. ಜಿ ಅನ್ನುವುದು ಗೇರ್‌ಬಾಕ್ಸ್‌ನ ಜಿಎಲ್-4, ಎ ಅನ್ನುವುದು ಆಕ್ಸಲ್‌ನ ಜಿಎಲ್-5. ಒಂದೇ ಅಕ್ಷರದ ವ್ಯತ್ಯಾಸ. ಅಂಗಡಿಯವರಿಗೆ ಎರಡೂ ನೈಂಟಿಯೇ. ಡಬ್ಬಿ ತಿರುಗಿಸಿ ಓದದೆ ದುಡ್ಡು ಕೊಡಬೇಡಿ. ಮೋಟುಲ್ ಗೇರ್‌ಬಾಕ್ಸ್ 80ಡಬ್ಲ್ಯೂ-90 ಅಂತ ಒಂದಿದೆ, ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ್ದು, ಸವೆದ ಪೆಟ್ಟಿಗೆಯ ಸದ್ದು ಇಳಿಸಲು ಒಳ್ಳೆಯದು. ಸಿಂಕ್ರೋ ಆಗಲೇ ಜಾರುತ್ತಿರುವ ಪೆಟ್ಟಿಗೆಗೆ ನನ್ನ ಆಯ್ಕೆ ಅದಲ್ಲ. ಇದೇ ಕಾರಣಕ್ಕೆ ಆಯಿಲ್ ಜೊತೆ ಸೇರಿಸುವ ಆ ಸಣ್ಣ ಬಾಟಲಿಯ ಅಡಿಟಿವ್‌ಗಳಿಗೂ ದುಡ್ಡು ಹಾಕಬೇಡಿ. ಇನ್ನು ಟ್ರ್ಯಾಕ್ಟರ್‌ನ ವೆಟ್ ಬ್ರೇಕ್ ಆಯಿಲ್ ಅಂತ ಬರುತ್ತದೆ, ಹೈಡ್ರಾಲಿಕ್ಕಿಗೂ ಗೇರಿಗೂ ಒಂದೇ. ಮನೆಯಲ್ಲಿ ಅರ್ಧ ಕ್ಯಾನ್ ಉಳಿದಿದೆ ಅಂತ ಕಾರಿಗೆ ಸುರಿಯಬೇಡಿ.

ಹಾಕುವಾಗ

ಡ್ರೈನ್ ಪ್ಲಗ್ ಬಿಚ್ಚುವ ಮೊದಲು ತುಂಬುವ ಪ್ಲಗ್ ಬಿಚ್ಚಿ. ತುಕ್ಕು ಹಿಡಿದು ಅದು ಬರದಿದ್ದರೆ, ಕೆಳಗೆ ಖಾಲಿ ಮಾಡಿದ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ. ಬಿಚ್ಚುವ ಮೊದಲು ಸುತ್ತಲೂ ಬ್ರಷ್ ಹಾಕಿ ಒರೆಸಿ, ನಮ್ಮ ಎರೆ ಮಣ್ಣಿನ ಧೂಳು ಎಲ್ಲ ಕಡೆ ಅಂಟಿರುತ್ತದೆ, ಒಂದು ಚಿಟಿಕೆ ಒಳಗೆ ಬಿದ್ದರೂ ಬೇರಿಂಗಿಗೆ ಒಳ್ಳೆಯದಲ್ಲ. ಗಾಡಿ ಸ್ವಲ್ಪ ಓಡಿಸಿ ಬೆಚ್ಚಗಿರುವಾಗ ಇಳಿಸಿ. ಪ್ಲಗ್ಗಿನ ವಾಷರ್ ಹೊಸದು ಹಾಕಿ.

ಇಳಿದ ಆಯಿಲ್ ನೋಡುವುದು ಮುಖ್ಯ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಚಿಂತೆ ಇಲ್ಲ. ಉಕ್ಕಿನ ಚೂರು ಸಿಕ್ಕರೆ ಹಲ್ಲೋ ಬೇರಿಂಗೋ ಹೋಗುತ್ತಿದೆ. ಬಿಸಿಲಿಗೆ ಹಿಡಿದಾಗ ಆಯಿಲ್‌ನಲ್ಲಿ ಬಂಗಾರದ ಹುಡಿಯಂತೆ ಮಿನುಗಿದರೆ ಅದು ಸಿಂಕ್ರೋ ರಿಂಗಿನ ಹಿತ್ತಾಳೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೋಗಿದೆ, ಮಳೆಗಾಲದಲ್ಲಿ ನೀರು ನಿಂತ ರಸ್ತೆ ದಾಟಿದ ಗಾಡಿಗಳಲ್ಲಿ ಬ್ರೀದರ್ (ಪೆಟ್ಟಿಗೆಯ ಗಾಳಿ ಕಿಂಡಿ) ಮೂಲಕ ಹಾಗೆ ಆಗುತ್ತದೆ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಪಕ್ಕದ ತೂತಿನಿಂದ ಹಾಕುವ ಪೆಟ್ಟಿಗೆಯಾದರೆ ಅಂಚಿನಿಂದ ಹೊರಗೆ ತೊಟ್ಟಿಕ್ಕುವವರೆಗೆ ತುಂಬಿ. ಸುಮ್ನೆ ಇನ್ನರ್ಧ ಲೀಟರ್ ಜಾಸ್ತಿ ಇರಲಿ ಅಂತ ಗಾಡಿ ಓರೆ ಮಾಡಿ ತುಂಬಿದರೆ ನೊರೆಯಾಗಿ ಸೀಲ್‌ನಿಂದ ಹೊರಬರುತ್ತದೆ.

ಹೊಸ ಆಯಿಲ್ ಹಾಕಿ ನೂರಿನ್ನೂರು ಕಿಲೋಮೀಟರ್ ಓಡಿಸಿ ಆಮೇಲೆ ತೀರ್ಮಾನ ಮಾಡಿ. ಬೆಳಗ್ಗೆ ಮಾತ್ರ ಬಿಗಿ ಇದ್ದು ಆಮೇಲೆ ಸರಿಯಾದರೆ ಆಯಿಲ್ ಒಂದು ಹಂತ ದಪ್ಪ ಇರಬಹುದು. ಬಿಸಿಯಾದ ಮೇಲೆಯೂ ಒಂದೇ ಗೇರಿನಲ್ಲಿ ಕರ್ ಅಂದರೆ ಆ ಗೇರಿನ ರಿಂಗು ಸವೆದಿದೆ, ಯಾವ ಬಾಟಲಿಯೂ ಅದನ್ನು ಬೆಳೆಸುವುದಿಲ್ಲ. ಒಂದೇ ಗೇರಿನಲ್ಲಿ ಎಳೆದು ಕೂಗುವ ಸದ್ದು ಬೇರಿಂಗ್ ಅಥವಾ ಆ ಗೇರಿನ ಹಲ್ಲಿನದು. ಮತ್ತೆ, ನಿಂತಲ್ಲೇ ಕ್ಲಚ್ ಪೂರ್ತಿ ಒತ್ತಿ, ಎರಡು ಮೂರು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿದಾಗಲೂ ಕರ್ ಅನ್ನುತ್ತಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಮೊದಲು ಕ್ಲಚ್ ಕೇಬಲ್ಲೋ ಸಿಲಿಂಡರೋ ನೋಡಿಸಿ, ಗೇರ್ ಆಯಿಲ್ ಹಾಗೇ ಇರಲಿ.